ಬುದಯ್ಯದಲ್ಲಿ ಉಳಿದುಕೊಂಡ ಪೂರ್ವರಾಜ

ಕಥೆ ಶುರು ಮಾಡುವ ಮೊದಲು ನನ್ನ ಅಣ್ಣ ಚಮಚದ ಹಿಡಿಯಿಂದ ಮಂಚದ ಕಬ್ಬಿಣದ ಕಾಲಿಗೆ ಬಾರಿಸುತ್ತಿದ್ದ. ಟಣ್, ಟಣ್, ಟಣ್. ಬಹರೈನಿನ ಸಲ್ಮಾಬಾದಿನಲ್ಲಿದ್ದ ನಮ್ಮ ಕೆಲಸಗಾರರ ಕ್ಯಾಂಪಿನಲ್ಲಿ ಆ ಸದ್ದು ಕೇಳಿದರೆ ಈರುಳ್ಳಿ ಹೆಚ್ಚುತ್ತಿದ್ದವನು ಈರುಳ್ಳಿ ಬಿಡುತ್ತಿದ್ದ, ಬಟ್ಟೆ ಒಗೆಯುತ್ತಿದ್ದವನು ಸಾಬೂನಿನ ಕೈಯಲ್ಲೇ ಬಂದು ಬಾಗಿಲಲ್ಲಿ ನಿಲ್ಲುತ್ತಿದ್ದ. ಎಲ್ಲರೂ ಸೇರಿದ ಮೇಲೆ ಅಣ್ಣ ಕನ್ನಡಕ ತೆಗೆದು, ಅದರ ಒಂದು ಕಡ್ಡಿಯನ್ನು ಬೆರಳಲ್ಲಿ ಹಿಡಿದು ತಿರುಗಿಸುತ್ತಾ, "ನಿನ್ನೆ ಎಲ್ಲಿಗೆ ಬಂದಿದ್ದೆವು?" ಎಂದು ಕೇಳುತ್ತಿದ್ದ. ಎಲ್ಲಿಗೆ ಬಂದಿದ್ದೆವೆಂದು ಅವನಿಗೆ ಚೆನ್ನಾಗಿ ಗೊತ್ತಿರುತ್ತಿತ್ತು. ಆದರೂ ಯಾರಾದರೂ ಹೇಳಬೇಕು. ಹೇಳಿದವನ ಕನ್ನಡದಲ್ಲಿ ಒಂದು ತಪ್ಪು ಹುಡುಕಿ ತಿದ್ದಿದ ಮೇಲೆಯೇ ಅವನ ಕಥೆ ಮುಂದಕ್ಕೆ ಹೋಗುವುದು.

ಆ ಟಣ್ ಟಣ್ ಅವನಿಗೆ ಎಲ್ಲಿಂದ ಬಂದದ್ದು ಎಂದು ಆ ಕ್ಯಾಂಪಿನಲ್ಲಿ ನನಗೊಬ್ಬನಿಗೇ ಗೊತ್ತಿತ್ತು. ಗೊತ್ತಿದ್ದುದೇ ತೊಂದರೆಯಾಯಿತು.

ಅಣ್ಣ ತೀರಿಕೊಂಡು ವರ್ಷವಾಗುತ್ತಾ ಬಂತು. ಬಹರೈನಿನ ನಮ್ಮ ಕಡೆಯವರು ಹಳಬರ ನೆನಪುಗಳನ್ನು ಸೇರಿಸಿ ಒಂದು ಪುಸ್ತಕ ಮಾಡುತ್ತಿದ್ದಾರೆ. "ನಿಮ್ಮ ಅಣ್ಣನ ಬಗ್ಗೆ ನೀವೇ ಬರೆಯಬೇಕು" ಎಂದು, ಅಲ್ಲಿ ಕೋಲ್ಡ್ ಸ್ಟೋರ್ ಎಂಬ ದಿನಸಿ ಅಂಗಡಿ ಇಟ್ಟುಕೊಂಡು ಯಕ್ಷಗಾನದ ಪದ್ಯ ಹಾಡುತ್ತಿದ್ದ ಭಾಗವತರು ಫೋನ್ ಮಾಡಿದರು. ನಾನು ಏಳನೆಯ ಕ್ಲಾಸಿನವರೆಗೆ ಓದಿದವನು. ಸಲ್ಮಾಬಾದಿನ ಗ್ಯಾರೇಜಿನಲ್ಲಿ ಜಜ್ಜಿಹೋದ ಕಾರಿನ ತಗಡನ್ನು ತಟ್ಟಿ ಸರಿಮಾಡುವ ಕೆಲಸದಲ್ಲಿ ಆಯುಷ್ಯದ ಹೆಚ್ಚು ಭಾಗ ಹೋಯಿತು. ಹೊಗಳಿ ಬರೆಯುವವರು ಬೇರೆ ಇದ್ದಾರೆ. ನಾನು ಬರೆಯುವುದಾದರೆ ಒಂದು ಸಂಗತಿಯನ್ನು ಬಿಟ್ಟು ಬರೆಯಲು ಬರುವುದಿಲ್ಲ ಎಂದೆ. "ಹಾಗೇ ಬರೆಯಿರಿ" ಎಂದರು. ಆ ಸಂಗತಿ ನಡೆದಾಗ ಅವರೂ ಅಲ್ಲಿ ಇದ್ದವರೇ.

ಅಣ್ಣನ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಬಹರೈನಿನಲ್ಲಿ ಅವನನ್ನು ಹೆಸರು ಹಿಡಿದು ಯಾರೂ ಕರೆದದ್ದಿಲ್ಲ. ಎಲ್ಲರಿಗೂ ಅವನು ಮಾಷ್ಟ್ರು.

ಅವನು ಮೀನಾ ಸಲ್ಮಾನ್ ಬಂದರಿನ ಒಂದು ಗೋದಾಮಿನಲ್ಲಿ ಸ್ಟೋರ್‌ಕೀಪರ್ ಆಗಿದ್ದ. ಪೆಟ್ಟಿಗೆಗಳ ಮೇಲೆ ಗುರುತು ಹಾಕಲು ಅಂಗಿಯ ಜೇಬಿನಲ್ಲಿ ಸೀಮೆಸುಣ್ಣ ಇಟ್ಟುಕೊಳ್ಳುತ್ತಿದ್ದ; ಜೇಬು ಯಾವಾಗಲೂ ಬಿಳಿ. ಅದನ್ನು ನೋಡಿ ಯಾರೋ ಒಬ್ಬರು, "ಊರಲ್ಲಿ ಶಾಲೆಯಲ್ಲಿದ್ದಿರಾ ನೀವು?" ಎಂದು ಕೇಳಿದರಂತೆ. "ಇದ್ದೆ" ಎಂದ. ಅದು ಸುಳ್ಳಲ್ಲ. ಅಂದಿನಿಂದ ಮಾಷ್ಟ್ರು. ಅವನು ಬೇಡ ಅನ್ನಲಿಲ್ಲ. ಆಮೇಲಾಮೇಲೆ "ನಾವು ಶಾಲೆಯಲ್ಲಿದ್ದಾಗ" ಎಂದು ಮಾತು ಶುರುಮಾಡುವ ಅಭ್ಯಾಸವೂ ಬಂತು. ನಾನು ಬಹರೈನಿಗೆ ಬರುವಷ್ಟರಲ್ಲಿ ಅವನ ನಡಿಗೆ ಕೂಡ ಮಾಷ್ಟ್ರದ್ದೇ ಆಗಿತ್ತು, ಕೈ ಹಿಂದಕ್ಕೆ ಕಟ್ಟಿಕೊಂಡು. ನನ್ನನ್ನು ಕರೆಸಿಕೊಂಡವನೂ ಅವನೇ. ವಿಮಾನ ನಿಲ್ದಾಣದಲ್ಲಿ ನನ್ನ ಚೀಲ ಕಿತ್ತುಕೊಂಡು ಹೊತ್ತವನು, ರೂಮಿಗೆ ಬಂದಮೇಲೆ ತನ್ನ ಊಟದ ತಟ್ಟೆಯನ್ನು ನನ್ನ ಕೈಗೆ ಕೊಟ್ಟು, "ತೊಳೆದಿಡು ಮಾರಾಯ" ಎಂದ. ಅವನು ಇದ್ದದ್ದೇ ಹಾಗೆ, ಎರಡೂ ಒಟ್ಟಿಗೆ.

ವಾರದ ರಜೆಯ ಶುಕ್ರವಾರ ಬೆಳಿಗ್ಗೆ ಅಣ್ಣನನ್ನು ನೋಡಬೇಕಿತ್ತು. ಭಾಗವತರ ಕೋಲ್ಡ್ ಸ್ಟೋರಿನ ಪಿಕಪ್ಪಿನಲ್ಲಿ ನಾವು ಕಡಲ ಬದಿಯ ಬುದಯ್ಯ ಎಂಬ ಊರಿಗೆ ಹೋಗುತ್ತಿದ್ದೆವು. ಅಲ್ಲಿ ಮೈಸೂರು ಕಡೆಯ ಒಬ್ಬ ಎಂಜಿನಿಯರರ ವಿಲ್ಲಾ. ಅವರ ಕಾರ್ ಶೆಡ್ಡಿನಲ್ಲಿ ಮಕ್ಕಳಿಗೆ ಕನ್ನಡದ ಕ್ಲಾಸು. ಅಣ್ಣ ಇಸ್ತ್ರಿ ಹಾಕಿದ ಅಂಗಿ ತೊಟ್ಟು, ಆ ದಿನ ಮಾತ್ರ ಜೇಬಿನಲ್ಲಿ ಬಣ್ಣದ ಸೀಮೆಸುಣ್ಣ ಇಟ್ಟುಕೊಳ್ಳುತ್ತಿದ್ದ. ಮಕ್ಕಳಿಗೆ ಬಾಯಿ ತೆರೆದರೆ ಇಂಗ್ಲಿಷ್. "ಅಂಕಲ್, ಎರಡೆರಡು ಲ ವೈ?" ಎಂದು ಒಂದು ಹುಡುಗಿ ಕೇಳಿದರೆ, "ಅಳು ಅಂತ ಉಂಟಲ್ಲ ಪುಟ್ಟಿ, ಅದಕ್ಕೆ ಸಣ್ಣ ಲ ಹಾಕಿ ಅತ್ತು ನೋಡು. ಕಣ್ಣೀರೇ ಬರುವುದಿಲ್ಲ" ಎನ್ನುತ್ತಿದ್ದ. ಅಷ್ಟೂ ಮಕ್ಕಳು ಅಳುವ ನಾಟಕ ಮಾಡುತ್ತಿದ್ದರು. ಎಂಜಿನಿಯರರ ಹೆಂಡತಿ ಒಳಗಿನಿಂದ ಕಾಫಿ ತಂದು, "ನಿಮ್ಮಂಥ ಟ್ರೇನ್ಡ್ ಟೀಚರ್ ಸಿಕ್ಕಿದ್ದು ನಮ್ ಲಕ್ ಮೇಷ್ಟ್ರೇ" ಎನ್ನುತ್ತಿದ್ದರು. ಅಣ್ಣ ಕಾಫಿಯನ್ನು ಬಸಿಗೆ ಸುರಿದುಕೊಂಡು, ತಲೆ ತಗ್ಗಿಸಿ, ಗಾಳಿ ಊದುತ್ತಿದ್ದ. ಕ್ಲಾಸು ಮುಗಿದ ಮೇಲೆ ಅಲ್ಲೇ ತೋಟದಿಂದ ಮಣ್ಣು ಮೆತ್ತಿದ ಮೂಲಂಗಿ ಕೊಂಡು, ಸಮುದ್ರದ ಕಲ್ಲುಗಳ ಮೇಲೆ ಕುಳಿತು ಕರಕ್ ಚಾ ಕುಡಿದು ಬರುವುದು. ಆ ಸಮುದ್ರಕ್ಕೆ ನಮ್ಮ ಕಡೆಯ ಅಬ್ಬರ ಇಲ್ಲ, ಕೆರೆಯ ಹಾಗೆ ಸುಮ್ಮನಿರುತ್ತದೆ. ಅಣ್ಣ ಅದನ್ನು ನೋಡುತ್ತಾ, "ಒಂದು ವಾರ ತಗಡು, ಪೆಟ್ಟಿಗೆ. ಒಂದು ಬೆಳಿಗ್ಗೆ ಮನುಷ್ಯ" ಎನ್ನುತ್ತಿದ್ದ. ಈಗ ಯೋಚಿಸಿದರೆ ಆ ಒಂದು ಬೆಳಿಗ್ಗೆಗಾಗಿಯೇ ಅವನು ಅಲ್ಲಿ ಅಷ್ಟು ವರ್ಷ ಉಳಿದದ್ದು.

ಚೀನಾದ ಕಥೆ ಬಂದದ್ದು ಎರಡು ಸಾವಿರದ ಎಂಟರ ಸುಮಾರಿಗೆ. ಅಣ್ಣನ ಗೋದಾಮಿಗೆ ಹೊಸ ಯಂತ್ರ ಕೂರಿಸಲು ಚೀನಾದಿಂದ ಒಬ್ಬ ವಯಸ್ಸಾದ ಮೆಕ್ಯಾನಿಕ್ ಬಂದಿದ್ದ. ಬಹರೈನಿನ ಜುಲೈ ತಿಂಗಳಲ್ಲೂ ಫ್ಲಾಸ್ಕಿನಿಂದ ಬಿಸಿನೀರು ಕುಡಿಯುವ ಮನುಷ್ಯ. ತನ್ನ ಊರಿನ ಕಡೆ ನೂರೈವತ್ತು ವರ್ಷದ ಹಿಂದೆ ಎದ್ದ ಒಂದು ದೇವರ ದಂಗೆಯ ಕಥೆಯನ್ನು ಅವನು ಅರೆಬರೆ ಇಂಗ್ಲಿಷಿನಲ್ಲಿ ಹೇಳಿದನಂತೆ. ಉಳಿದದ್ದನ್ನು ಅಣ್ಣ ಮುದೀರ್, ಅಂದರೆ ಮ್ಯಾನೇಜರ್, ಇಲ್ಲದ ಹೊತ್ತಿನಲ್ಲಿ ಆಫೀಸಿನ ಕಂಪ್ಯೂಟರಿನಲ್ಲಿ ಹುಡುಕಿದ. ಅದರಲ್ಲೂ ಸಿಗದಿದ್ದದ್ದನ್ನು ತಾನೇ ಸೇರಿಸಿದ.

"ಒಬ್ಬ ಹಳ್ಳಿಯ ಮಾಷ್ಟ್ರು" ಎಂದು ಅಣ್ಣ ಶುರುಮಾಡಿದ. "ರಾಜನ ಕೆಲಸಕ್ಕೆ ಸೇರಬೇಕಾದರೆ ಅಲ್ಲಿ ದೊಡ್ಡ ಪರೀಕ್ಷೆ ಉಂಟು. ಇವ ಕೂತ, ಫೇಲು. ಪುನಃ ಕೂತ, ಪುನಃ ಫೇಲು. ಜ್ವರ ಬಂತು. ಜ್ವರದಲ್ಲಿ ಸ್ವರ್ಗಕ್ಕೇ ಹೋದ. ಅಲ್ಲಿ ಚಿನ್ನದ ಗಡ್ಡದ ಮುದುಕ ಒಬ್ಬ ಕೈಗೆ ಕತ್ತಿ ಕೊಟ್ಟ. ವರ್ಷಗಳಾದ ಮೇಲೆ ಪಾದ್ರಿಗಳ ಒಂದು ಪುಸ್ತಕ ಓದುವಾಗ ಇವನಿಗೆ ಹೊಳೆಯಿತು. ಆ ಮುದುಕ ದೇವರು. ಯೇಸು ದೇವರ ಮೊದಲನೇ ಮಗ. ತಾನು ಎರಡನೆಯವ."

"ಯೇಸುವಿಗೆ ತಮ್ಮನಾ?" ಎಂದು ಮೇಲಿನ ಮಂಚದಿಂದ ಲಿಗೋರಿ ತಲೆ ಹಾಕಿದ. ಅವನು ನಮ್ಮ ರೂಮಿನ ಬಡಗಿ, ಕೊಂಕಣಿಯವನು. "ನಮ್ಮ ಇಗರ್ಜಿಯಲ್ಲಿ ಹೇಳಿದರೆ ನಿಮ್ಮನ್ನು ಓಡಿಸ್ತಾರೆ ಮಾಷ್ಟ್ರೇ."

"ನಾನು ಹೇಳಿದ್ದಲ್ಲ ಮಾರಾಯ, ಅವ ಹೇಳಿದ್ದು. ಲಕ್ಷಗಟ್ಟಲೆ ಜನ ನಂಬಿದರು. ಜುಟ್ಟು ಬಿಚ್ಚಿ ಕೂದಲು ಉದ್ದ ಬಿಟ್ಟರು. ಎಲ್ಲರ ಅಕ್ಕಿ ಒಂದೇ ಕಣಜಕ್ಕೆ. ದೊಡ್ಡ ಪಟ್ಟಣವನ್ನೇ ಹಿಡಿದು, ಮಹಾಶಾಂತಿಯ ಸ್ವರ್ಗರಾಜ್ಯ ಅಂತ ಹೆಸರಿಟ್ಟರು. ತೈಪಿಂಗ್ ಅಂದರೆ ಅದೇ. ಗಂಡಸರ ಪಾಳೆಯ ಬೇರೆ, ಹೆಂಗಸರದ್ದು ಬೇರೆ. ಕಟ್ಟಿಕೊಂಡ ಗಂಡಹೆಂಡಿರೂ ಒಟ್ಟಿಗೆ ಇರಬಾರದು."

"ನಮ್ಮ ಕ್ಯಾಂಪೇ ಆಯ್ತಲ್ಲ" ಎಂದ ಲಿಗೋರಿ. "ಸ್ವರ್ಗ ಅಂತ ಇಷ್ಟು ದಿನ ಗೊತ್ತಿರಲಿಲ್ಲ."

ನಕ್ಕು ನಕ್ಕು ಸಾಕಾಯಿತು. ಅಣ್ಣ ನಗಲಿಲ್ಲ. ಕನ್ನಡಕ ತಿರುಗಿಸುತ್ತಾ, "ಕೋಟಿಗಟ್ಟಲೆ ಜನ ಸತ್ತರು ಕಡೆಗೆ" ಎಂದ. "ಒಬ್ಬ ಫೇಲಾದವನನ್ನು ಯಾರಾದರೂ ಒಮ್ಮೆ ಬೆನ್ನು ತಟ್ಟಿದ್ದರೆ ಅಷ್ಟು ಜನ ಉಳಿಯುತ್ತಿದ್ದರೋ ಏನೋ." ಬೇರೆಯವರಿಗೆ ಅದು ಕಥೆಯ ಮಾತು. ನನಗೆ ಗೊತ್ತಿತ್ತು, ಅದು ಯಾರ ಮಾತು ಎಂದು.

ಅಣ್ಣ ಎಸ್ಸೆಸ್ಸೆಲ್ಸಿಯಲ್ಲಿ ಮೂರು ಸಲ ಫೇಲಾದವನು. ಮೂರನೆಯ ಸಲ ಅವನನ್ನು ಟ್ಯೂಷನ್ನಿಗೆ ಹಾಕಿ ಕೂರಿಸಬೇಕೆಂದು ಅಪ್ಪ ನನ್ನನ್ನು ಶಾಲೆ ಬಿಡಿಸಿ ಮುಂಬಯಿಯ ಹೋಟೆಲಿಗೆ ಕಳಿಸಿದರು. ಇಬ್ಬರನ್ನು ಓದಿಸುವ ತ್ರಾಣ ಮನೆಗೆ ಇರಲಿಲ್ಲ. ನಾನು ಮೇಜು ಒರೆಸುತ್ತಿರುವಾಗ ಅವನು ಮತ್ತೆ ಫೇಲಾದ. ಆಮೇಲೆ ಅದೇ ಶಾಲೆಯಲ್ಲಿ ಎರಡು ವರ್ಷ ಗಂಟೆ ಬಾರಿಸುವ ಕೆಲಸ ಮಾಡಿದ. ಅವನು ಶಾಲೆಯಲ್ಲಿದ್ದದ್ದು ಹಾಗೆ. ಮಂಚದ ಕಾಲಿನ ಟಣ್ ಟಣ್ ಬಂದದ್ದೂ ಅಲ್ಲಿಂದಲೇ. ನಾನು ಇದನ್ನು ಯಾರಿಗೂ ಹೇಳಿರಲಿಲ್ಲ. ಹೇಳಬೇಡ ಎಂದು ಅವನೂ ಕೇಳಿಕೊಂಡಿರಲಿಲ್ಲ. ಆದರೆ ಆ ಹೆಂಗಸು "ಟ್ರೇನ್ಡ್ ಟೀಚರ್" ಎಂದಾಗಲೆಲ್ಲ ನಾನು ಕೂರದೇ ಹೋದ ಎಂಟನೆಯ ಕ್ಲಾಸು ನನಗೆ ನೆನಪಾಗುತ್ತಿತ್ತು.

ಕ್ಲಾಸು ಶುರುವಾಗಿ ಐದು ವರ್ಷ ತುಂಬಿದ್ದಕ್ಕೆ ವಿಲ್ಲಾದಲ್ಲಿ ಒಂದು ಕಾರ್ಯಕ್ರಮ ಮಾಡೋಣ ಎಂದರು ಎಂಜಿನಿಯರರು. ಅಣ್ಣ, "ತಾಳಮದ್ದಳೆ ಮಾಡುವ. ಚೀನಾದ್ದೇ ಪ್ರಸಂಗ" ಎಂದ. ಘಟ್ಟದ ಮೇಲಿನವರಿಗಾಗಿ ಹೇಳುತ್ತೇನೆ: ತಾಳಮದ್ದಳೆ ಎಂದರೆ ವೇಷವಿಲ್ಲದ, ಕುಣಿತವಿಲ್ಲದ ಯಕ್ಷಗಾನ. ಭಾಗವತರು ಪದ್ಯ ಹಾಡುತ್ತಾರೆ, ಅರ್ಥಧಾರಿಗಳು ಎದುರುಬದುರು ಕುಳಿತು ಪಾತ್ರವಾಗಿ ಮಾತಾಡುತ್ತಾರೆ. ಕಥೆ ಎಲ್ಲರಿಗೂ ಗೊತ್ತು, ಆದರೆ ಮಾತು ಯಾರಿಗೂ ಬರೆದುಕೊಟ್ಟಿರುವುದಿಲ್ಲ. ಎದುರಿನವನು ಏನೇ ಕೇಳಲಿ, ಪಾತ್ರ ಬಿಟ್ಟು ಹೊರಗೆ ಬರುವ ಹಾಗಿಲ್ಲ. ಉತ್ತರ ಪಾತ್ರದ ಬಾಯಲ್ಲೇ ಬರಬೇಕು. ಮಂಗಳ ಹಾಡಿದ ಮೇಲೆ ಅಲ್ಲಿ ಆಡಿದ ಮಾತನ್ನು ಮನೆಗೆ ಒಯ್ಯುವಂತಿಲ್ಲ.

ಭಾಗವತರು ಕೋಲ್ಡ್ ಸ್ಟೋರಿನ ಕೌಂಟರಿನಲ್ಲಿ ಕುಳಿತೇ ಪದ್ಯ ಕಟ್ಟಿದರು. ಅಣ್ಣ ಸ್ವರ್ಗದ ರಾಜ. ಲಿಗೋರಿ ಉತ್ತರದ ರಾಜ. ಪೂರ್ವದ ರಾಜನ ಪಾತ್ರ ದೊಡ್ಡದು. ಅವನು ದೇವರ ಇನ್ನೊಬ್ಬ ಮಗ, ಲೆಕ್ಕದಲ್ಲಿ ಸ್ವರ್ಗರಾಜನ ತಮ್ಮ. ಆಗಾಗ ಅವನ ಮೈಮೇಲೆ ತಂದೆಯಾದ ದೇವರೇ ಬರುತ್ತಾನೆ. ಹಾಗೆ ಬಂದು ಒಮ್ಮೆ, ಅಂತಃಪುರದ ಹೆಂಗಸರನ್ನು ಒದ್ದದ್ದಕ್ಕೆ ಸ್ವರ್ಗದ ರಾಜನಿಗೇ ಛಡಿಯೇಟಿನ ಶಿಕ್ಷೆ ವಿಧಿಸುತ್ತಾನೆ. ರಾಜ ಮಂಡಿಯೂರಿ ಒಪ್ಪಿಕೊಂಡಾಗ, ಮೆಚ್ಚಿ, ಏಳು ಮಗನೇ ಎಂದು ಕ್ಷಮಿಸುತ್ತಾನೆ. ಮುಂದೆ ಪೂರ್ವರಾಜನ ಸೊಕ್ಕು ಹೆಚ್ಚಿ, ಸ್ವರ್ಗರಾಜನ ಅಪ್ಪಣೆಯಂತೆ ಉತ್ತರದ ರಾಜ ಅವನನ್ನು ಕೊಲ್ಲುತ್ತಾನೆ. ಪ್ರಸಂಗ ಅಷ್ಟು.

"ಪೂರ್ವದ ರಾಜ ಯಾರು ಮಾಡುವುದು?" ಎಂದು ಭಾಗವತರು ಕೇಳಿದಾಗ ಅಣ್ಣ ಎಲ್ಲರೆದುರು ನನ್ನ ಹೆಗಲಿಗೆ ಕೈ ಹಾಕಿದ.

"ಇವನೇ. ಪೂರ್ವರಾಜ ಇದ್ದಿಲು ಸುಡುತ್ತಿದ್ದವ, ಅಕ್ಷರ ಕಲಿತವನಲ್ಲ. ಇವನಿಗೆ ಸರಿಯಾಗ್ತದೆ."

ಅವನು ಪ್ರೀತಿಯಿಂದಲೇ ಹೇಳಿದ್ದು. ಆ ಪಾತ್ರವನ್ನು ಬೇರೆ ಯಾರಿಗೂ ಕೊಡದೆ ನನಗೆ ಕೊಟ್ಟದ್ದೂ ಪ್ರೀತಿಯೇ. ಆದರೆ ಎಂಜಿನಿಯರರು ನಕ್ಕರು, ಲಿಗೋರಿ ನಕ್ಕ. ನಾನೂ ನಕ್ಕೆ.

ಕಾರ್ಯಕ್ರಮದ ಸಂಜೆ ವಿಲ್ಲಾದ ಅಂಗಳದಲ್ಲಿ ಜಮಖಾನ ಹಾಸಿ, ಮಕ್ಕಳನ್ನು ಮುಂದೆ ಕೂರಿಸಿದ್ದರು. ಹಿಂದೆ ಕುರ್ಚಿಗಳಲ್ಲಿ ಅವರ ಅಪ್ಪ ಅಮ್ಮಂದಿರು; ಎದುರಿಗೆ ಅರ್ಥ ಹೇಳುವ ನಮಗೂ ಕುರ್ಚಿಗಳು. ಅಣ್ಣ ಬಿಳಿ ಪಂಚೆ, ಹೆಗಲಿಗೆ ಶಾಲು. ಪೀಠಿಕೆಯಲ್ಲೇ ಅವನು ಸಭೆಯನ್ನು ಹಿಡಿದುಬಿಟ್ಟ. ಮೊದಲ ಪರೀಕ್ಷೆಗೆ ಹೊರಟ ಹುಡುಗನ ಚಪ್ಪಲಿ ಹರಿದದ್ದನ್ನು, ಫಲಿತಾಂಶದ ಹಲಗೆಯಲ್ಲಿ ತನ್ನ ಹೆಸರನ್ನು ಕೆಳಗಿನಿಂದ ಮೇಲಕ್ಕೆ ಹುಡುಕಿದ್ದನ್ನು ಅವನು ಹೇಳುವಾಗ ಹೆಂಗಸರು ಕಣ್ಣೊರೆಸಿಕೊಂಡರು. ಎಂಜಿನಿಯರರು ಪಕ್ಕದವರಿಗೆ, "ವಾಟ್ ಎ ಟೀಚರ್" ಎಂದದ್ದು ನನಗೆ ಕೇಳಿಸಿತು.

ಭಾಗವತರು ನನ್ನ ಪದ್ಯ ಎತ್ತಿಕೊಂಡರು. ದೇವರು ನನ್ನ ಮೈಮೇಲೆ ಬರಬೇಕು. ಬಂದದ್ದು ಬೇರೆ.

"ಎಲವೋ" ಎಂದೆ, "ಸಿಂಹಾಸನದಲ್ಲಿ ಕುಳಿತವನೇ, ನಿನ್ನ ತಂದೆ ಕೇಳುತ್ತಿದ್ದೇನೆ. ನೀನು ಮಾಷ್ಟ್ರಾದದ್ದು ಯಾವ ಶಾಲೆಯಲ್ಲಿ? ಮೂರು ಸಲ ಎಸ್ಸೆಸ್ಸೆಲ್ಸಿ ಫೇಲಾದವನಿಗೆ ಆ ಹೆಸರು ಕೊಟ್ಟವರು ಯಾರು?"

ಚೀನಾದ ರಾಜನಿಗೆ ಎಸ್ಸೆಸ್ಸೆಲ್ಸಿ ಎಂದು ಸಭೆ ಗೊಳ್ಳೆಂದು ನಕ್ಕಿತು. ಅಣ್ಣನೂ ಮುಗುಳ್ನಕ್ಕ. ಅಲ್ಲಿಗೆ ನಿಲ್ಲಿಸಿದ್ದರೆ ಅದು ತಮಾಷೆಯಾಗಿ ಹೋಗುತ್ತಿತ್ತು. ಅವನು ಎಂಥ ಮಾತುಗಾರ ಎಂದರೆ ಅದನ್ನು ಹಾರಿಸಿ ಆಚೆ ಹಾಕುತ್ತಿದ್ದ.

"ಶಾಲೆಯಲ್ಲಿ ನೀನು ಮಾಡಿದ್ದು ಪಾಠವೋ, ಗಂಟೆ ಬಾರಿಸಿದ್ದೋ? ಈ ಮಕ್ಕಳೆದುರು ಹೇಳು. ಇದ್ದಿಲಿನವನ ಬಾಯಲ್ಲಿ ಕೇಳುತ್ತಿದ್ದೇನೆ, ಹೇಳು."

ಗಂಟೆ ಎಂದ ಕೂಡಲೇ ನಮ್ಮ ಕ್ಯಾಂಪಿನವರ ನಗು ನಿಂತಿತು. ಮಂಚದ ಕಾಲಿನ ಸದ್ದು ಅವರ ಕಿವಿಯಲ್ಲಿತ್ತಲ್ಲ. ಆಮೇಲೆ ಹಿಂದಿನ ಕುರ್ಚಿಗಳೂ ಸುಮ್ಮನಾದವು. ಅಣ್ಣ ನನ್ನನ್ನೇ ನೋಡಿದ. ತಾಳಮದ್ದಳೆಯಲ್ಲಿ ಯಾರೂ ಏಳುವುದಿಲ್ಲ. ಅವನು ಎದ್ದ. ಎದ್ದು ಬಂದು ನನ್ನೆದುರು ಜಮಖಾನದ ಮೇಲೆ ಮಂಡಿಯೂರಿದ.

"ತಂದೆಯೇ, ನೀನು ಕೇಳಿದ್ದು ಸರಿ. ಆ ಹೆಸರು ನಾನು ಕೇಳಿ ಪಡೆದದ್ದಲ್ಲ, ಕೊಟ್ಟಾಗ ಬೇಡ ಅಂದವನೂ ಅಲ್ಲ. ನಾನು ಬಾರಿಸಿದ್ದು ಗಂಟೆ. ಮೂರನೆಯ ಪರೀಕ್ಷೆಗೆ ನಾನು ಕೂರಬೇಕೆಂದು ನನ್ನ ತಮ್ಮನನ್ನು ಶಾಲೆ ಬಿಡಿಸಿದರು. ಅವನು ಹೋದ ಮೇಲೆ ಅವನ ಪುಸ್ತಕಗಳಿಗೆ ಹಾಕಿದ್ದ ಖಾಕಿ ಬೈಂಡನ್ನು ಬಿಚ್ಚಿ ನನ್ನ ಪುಸ್ತಕಗಳಿಗೆ ಹಾಕಿಕೊಂಡೆ. ಒಳಗೆ ಅವನ ಹೆಸರಿತ್ತು. ಆ ಏಟು ನನಗೆ ಬಾಕಿ ಉಂಟು. ಕೊಡು."

ತಲೆ ಬಗ್ಗಿಸಿ ಕುಳಿತ. ಕಥೆಯ ಪ್ರಕಾರ ಮುಂದಿನ ಮಾತು ನನ್ನದು. ಏಳು ಮಗನೇ, ಕ್ಷಮಿಸಿದ್ದೇನೆ. ಇಷ್ಟೇ. ನನ್ನ ಬಾಯಿ ತೆರೆಯಲಿಲ್ಲ. ಭಾಗವತರು ತಾಳ ಮೆಲ್ಲಗೆ ತಟ್ಟುತ್ತಾ ಕಾದರು, ಮದ್ದಳೆಯವನು ಕಾದ. ಅಣ್ಣನ ನೆತ್ತಿಯಲ್ಲಿ ಕೂದಲು ತೆಳ್ಳಗಾಗಿದ್ದನ್ನು ನಾನು ಆಗ ನೋಡಿದೆ. ಅವನ ಗುಟ್ಟು ಹೊರಹಾಕಿದ್ದು ಒಂದು ತಪ್ಪು. ಅದು ಸಿಟ್ಟಿನಲ್ಲಿ ಆದದ್ದು. ಆದರೆ ಏಳು ಅನ್ನಲು ಸಮಯ ಇತ್ತು, ಪಾತ್ರದ ಅಪ್ಪಣೆ ಇತ್ತು, ಕಥೆಯೇ ಹೇಳು ಎನ್ನುತ್ತಿತ್ತು. ಆಗಲೂ ನಾನು ಹೇಳಲಿಲ್ಲ. ಈ ಬರಹದಲ್ಲಿ ನಾನು ಒಪ್ಪಿಕೊಳ್ಳಬೇಕಾದದ್ದು ಅದನ್ನು.

ಕೊನೆಗೆ ಭಾಗವತರೇ ಮುಂದಿನ ಪದ್ಯಕ್ಕೆ ಹೋದರು. ಸ್ವರ್ಗರಾಜನ ಕೋಪದ ಪದ್ಯ, ಪೂರ್ವರಾಜನ ತಲೆ ತೆಗೆಯಲು ಉತ್ತರರಾಜನನ್ನು ಕರೆಯುವುದು. ಅಣ್ಣ ತನ್ನ ಕುರ್ಚಿಯ ಕೈ ಹಿಡಿದು ತಾನೇ ಎದ್ದು ಕುಳಿತ. ಲಿಗೋರಿ ಅಭ್ಯಾಸ ಮಾಡಿದ್ದ ಒಂದೇ ಮಾತನ್ನು ಹೇಳಿದ:

"ಅಪ್ಪಣೆಯಾಗಲಿ ಪ್ರಭು. ಕತ್ತಿ ಹಿರಿದಿದ್ದೇನೆ."

ಅಣ್ಣ ಹೆಗಲ ಶಾಲನ್ನು ಸರಿಮಾಡಿಕೊಂಡ. ಆಮೇಲೆ, "ಒಳಗಿಡು" ಎಂದ. "ಅವನನ್ನು ಮುಟ್ಟಬೇಡ. ಅವನ ಬಾಯಲ್ಲಿ ಬಂದದ್ದು ತಂದೆಯ ಮಾತೇ. ನನ್ನ ತಮ್ಮ ಅವನು, ಬದುಕಿಕೊಳ್ಳಲಿ."

ಕಥೆಯಲ್ಲಿ ಹಾಗಿಲ್ಲ. ಲಿಗೋರಿ ಭಾಗವತರನ್ನು ನೋಡಿದ, ಭಾಗವತರು ಅವನನ್ನು ನೋಡಿದರು. "ಹಾಗಾದರೆ ನಾನು ಎಂತ ಮಾಡುವುದು ಪ್ರಭು?" ಎಂದು ಪಾಪ ಅವನು ಕೇಳಿಯೇಬಿಟ್ಟ.

"ನೀನು ಊರಿಗೆ ಹೋಗು. ಹೆಂಡತಿಯನ್ನು ನೋಡದೆ ಎಷ್ಟು ಕಾಲವಾಯಿತು. ಇಂದಿನಿಂದ ಈ ರಾಜ್ಯದಲ್ಲಿ ಪಾಳೆಯಗಳು ಬೇರೆಯಿಲ್ಲ."

ಹಿಂದೆ ನಿಂತಿದ್ದ ನಮ್ಮ ಕ್ಯಾಂಪಿನವರು ಮೊದಲು ಚಪ್ಪಾಳೆ ತಟ್ಟಿದರು. ಮುಂದಿನದಕ್ಕೆ ಪದ್ಯವೇ ಇರಲಿಲ್ಲ. ಭಾಗವತರು ಮಂಗಳ ಹಾಡಿದರು.

ಪಿಕಪ್ಪಿನಲ್ಲಿ ಹಿಂದಿರುಗಿದೆವು. ಸಲ್ಮಾಬಾದ್ ಹತ್ತಿರ ಬಂದಾಗ ಅಣ್ಣ, "ರೂಮಲ್ಲಿ ಕುಬ್ಬೂಸ್ ಉಂಟಾ?" ಎಂದು ಕೇಳಿದ. ಎರಡು ರೊಟ್ಟಿ ಉಂಟು ಎಂದೆ. ಊಟವಾದ ಮೇಲೆ ತನ್ನ ತಟ್ಟೆಯನ್ನು ತಾನೇ ತೊಳೆದ. ಅದು ನನಗೆ ಛಡಿಯೇಟಿಗಿಂತ ಹೆಚ್ಚಾಯಿತು. ಮಲಗುವ ಮೊದಲು, "ಸ್ವರ ಚೆನ್ನಾಗಿತ್ತು ನಿನ್ನದು" ಎಂದ. "ಎಸ್ಸೆಸ್ಸೆಲ್ಸಿ ಅನ್ನಬಾರದಿತ್ತು. ಚೀನಾದಲ್ಲಿ ಅದಿಲ್ಲ." ಆ ಸಂಜೆಯ ಬಗ್ಗೆ ಅವನು ಬದುಕಿರುವಷ್ಟು ಕಾಲ ಆಡಿದ್ದು ಅಷ್ಟೇ ಮಾತು.

ಮುಂದಿನ ವಾರ ಎಂಜಿನಿಯರರ ಹೆಂಡತಿ ಫೋನ್ ಮಾಡಿದರು. "ಮಕ್ಕಳಿಗೆ ಎಗ್ಸಾಮ್ಸ್ ಹತ್ರ ಬಂತು. ಸ್ವಲ್ಪ ದಿನ ಬ್ರೇಕ್ ತಗೊಳ್ಳೋಣ ಅಂತ. ನೀವು ತಪ್ಪು ತಿಳ್ಕೋಬೇಡಿ." ಮೇಷ್ಟ್ರೇ ಎಂಬುದು ಆ ಮಾತಿನಲ್ಲಿರಲಿಲ್ಲ. "ಇಲ್ಲ ಮೇಡಂ, ಎಂತ ತಪ್ಪು" ಎಂದ ಅಣ್ಣ. ಬ್ರೇಕು ಮುಗಿಯಲೇ ಇಲ್ಲ. ಶುಕ್ರವಾರ ಬೆಳಿಗ್ಗೆ ಅವನು ಇಸ್ತ್ರಿ ಅಂಗಿ ತೊಟ್ಟು, ಎಲ್ಲಿಗೂ ಹೋಗದೆ ಮಂಚದ ಮೇಲೆ ಕುಳಿತಿರುತ್ತಿದ್ದ. ಕ್ಯಾಂಪಿನವರು ಮೊದಲಿನ ಹಾಗೆಯೇ ಮಾಷ್ಟ್ರೇ ಎಂದು ಕರೆಯುತ್ತಿದ್ದರು, ಮೊದಲಿಗಿಂತ ಜೋರಾಗಿಯೇ. ಅವನು ತಿರುಗಿ ನೋಡುವುದು ಒಂದು ಗಳಿಗೆ ತಡವಾಗುತ್ತಿತ್ತು. ಒಂದು ಸಂಜೆ ಲಿಗೋರಿ ತಾನೇ ಚಮಚ ತಂದು ಕೈಗೆ ಕೊಟ್ಟ. ಅಣ್ಣ ಅದರಿಂದ ಚಾಕ್ಕೆ ಸಕ್ಕರೆ ಕದಡಿಕೊಂಡ.

ಎರಡು ಸಾವಿರದ ಹದಿಮೂರರಲ್ಲಿ ಅವನು ಊರಿಗೆ ಮರಳಿದ. ಹೊರಡುವ ದಿನ ಬುದಯ್ಯದ ಕಡಲಿಗೆ ಹೋಗುವ ಎಂದ. ಅದೇ ಕಲ್ಲುಗಳ ಮೇಲೆ ಕರಕ್ ಚಾ ಕುಡಿದೆವು. ಆ ಸಂಜೆ ಬಾಕಿ ಉಳಿದ ಮಾತನ್ನು ಅಂದಾದರೂ ಹೇಳಬಹುದಿತ್ತು. ಅವನು ಕಾದನೋ ಇಲ್ಲವೋ ಗೊತ್ತಿಲ್ಲ. ಖಾಲಿ ಕಪ್ಪನ್ನು ಕೈಯಲ್ಲಿ ಮುದುರಿ, "ಗಾಳಿ ಒಳ್ಳೇದುಂಟು ಇವತ್ತು" ಎಂದ. ಹೌದಣ್ಣ ಎಂದೆ.

ಕಳೆದ ವರ್ಷ ಅವನು ಹೋದ ಸುದ್ದಿ ಬಂದಾಗ ನಾನು ರಜೆ ಹಾಕಿ ಊರಿಗೆ ಹೋದೆ. ಉತ್ತರಕ್ರಿಯೆಯ ಬೊಜ್ಜದ ಊಟವೆಲ್ಲ ಮುಗಿದು ಜನ ಹೊರಟ ಮೇಲೆ ಅಣ್ಣನ ಮಗಳು ಬಂದು ನನ್ನ ಹತ್ತಿರ ಕುಳಿತಳು. ಈಗ ಅವಳು ನಿಜವಾಗಿಯೂ ಒಂದು ಶಾಲೆಯಲ್ಲಿ ಪಾಠ ಮಾಡುವವಳು.

"ಚಿಕ್ಕಪ್ಪ, ಒಂದು ಕೇಳಲಾ? ಅಪ್ಪ ಒಂದು ಚೀನಾದ ಕಥೆ ಹೇಳ್ತಿದ್ದರು. ಸ್ವರ್ಗದ ರಾಜ, ಪೂರ್ವದ ರಾಜ ಅಂತ."

"ಹೂಂ."

"ಕಡೆಗೆ ಸ್ವರ್ಗದ ರಾಜ ತಮ್ಮನನ್ನು ಬಿಟ್ಟುಬಿಟ್ಟ ಅಂತ ಹೇಳುವುದು ಅಪ್ಪ. ನಾನು ಮೊನ್ನೆ ನೆಟ್ಟಲ್ಲಿ ನೋಡಿದೆ. ಕೊಲ್ಲಿಸಿದ ಅಂತ ಉಂಟು ಅದರಲ್ಲಿ. ಯಾವುದು ಸರಿ?"

ಅಂಗಳದಲ್ಲಿ ಯಾರೋ ಪಾತ್ರೆಗಳನ್ನು ತೊಳೆದು ಕವುಚಿ ಹಾಕುತ್ತಿದ್ದರು.

"ಬಿಟ್ಟದ್ದೇ ಸರಿ ಮಗಳೇ" ಎಂದೆ. "ನಾನು ಅಲ್ಲಿದ್ದೆ."